ಊರಿನ ಮೈದಾನದಲ್ಲಿ ಫುಟ್‌ಬಾಲೂ ಓಟವೂ ಒಟ್ಟಿಗೆ ಉಳಿಯಬಹುದೇ?

ಮೈದಾನದ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ಒಂದು ಸಣ್ಣ ಪಟ್ಟಣದ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ನಮ್ಮ ಶಾಲೆಗೆ ಸ್ವಂತ ಮೈದಾನವಿಲ್ಲ. ಊರಿನ ಆಡಳಿತಕ್ಕೆ ಸೇರಿದ ಮೈದಾನವೇ ನಮಗೂ ಮೈದಾನ. ನಡುವೆ ಫುಟ್‌ಬಾಲ್ ಅಂಕಣ, ಸುತ್ತಲೂ ಮಣ್ಣಿನ ಓಟದ ಪಥ. ಹೇಳಿಕೊಳ್ಳಲು 400 ಮೀಟರ್.

ಪ್ರತಿ ಬೇಸಿಗೆಯಲ್ಲಿ ಅಲ್ಲಿ ಫುಟ್‌ಬಾಲ್ ಟೂರ್ನಿ ನಡೆಯುತ್ತದೆ. ನನಗೆ ಫುಟ್‌ಬಾಲ್ ಮೇಲೆ ಕೋಪವಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ಪಂದ್ಯ ನೋಡುವವರಿಗಾಗಿ ಸುತ್ತಲೂ ಮರದ ಗ್ಯಾಲರಿ ಕಟ್ಟುತ್ತಾರೆ. ಕಂಬ ನೆಡಲು ಓಟದ ಪಥದಲ್ಲೇ ಮೊಣಕಾಲುದ್ದ ಗುಂಡಿ ತೋಡುತ್ತಾರೆ. ಟೂರ್ನಿ ಮುಗಿದ ಮೇಲೆ ಕಂಬ ಕಿತ್ತು, ಗುಂಡಿಗೆ ಸಡಿಲ ಮಣ್ಣು ತುಂಬಿ ಹೋಗುತ್ತಾರೆ. ಮೊದಲ ಮಳೆಗೆ ಆ ಮಣ್ಣು ಕುಸಿಯುತ್ತದೆ. ಮೇಲೆ ಹುಲ್ಲು ಬೆಳೆದು ಗುಂಡಿ ಕಾಣಿಸುವುದೇ ಇಲ್ಲ. ಹೋದ ವರ್ಷ ನಮ್ಮ ಹುಡುಗನೊಬ್ಬ ಅದರಲ್ಲಿ ಕಾಲಿಟ್ಟು ಹಿಮ್ಮಡಿ ಉಳುಕಿ ಆರು ವಾರ ಮನೆಯಲ್ಲಿ ಕುಳಿತ.

ಅಂದಿನಿಂದ ನಾನೇ ಬೆಳಿಗ್ಗೆ ಐದೂವರೆಗೆ ಹೋಗಿ, ತಳಕ್ಕೆ ಮೊಳೆಯಿಂದ ತೂತು ಹೊಡೆದ ಡಬ್ಬಿಯಲ್ಲಿ ಸುಣ್ಣದ ಪುಡಿ ತುಂಬಿ, ಗುಂಡಿಗಳನ್ನು ತಪ್ಪಿಸಿ ಒಳಬದಿಯಲ್ಲಿ ಗೆರೆ ಎಳೆಯುತ್ತೇನೆ. ಮಕ್ಕಳು ಆ ಗೆರೆ ಹಿಡಿದು ಓಡುತ್ತಾರೆ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಇದ್ದಾಳೆ, ತೋಟದ ಕೆಲಸಗಾರರ ಲೈನ್‌ಮನೆಯಿಂದ ಬರುವವಳು. ಇಲ್ಲಿ 800 ಮೀಟರನ್ನು 2 ನಿಮಿಷ 33 ಸೆಕೆಂಡಿನಲ್ಲಿ ಮುಗಿಸುತ್ತಾಳೆ. ಜಿಲ್ಲಾ ಕೂಟಕ್ಕೆ ಹೋದರೆ 2:38. ಎರಡು ವರ್ಷವೂ ಹಾಗೆಯೇ ಆಯಿತು. ಜನ ನೋಡಿದರೆ ಹೆದರುತ್ತೀಯೆ ಎಂದು ನಾನು ಅವಳನ್ನು ಗದರಿಸಿದ್ದೂ ಉಂಟು.

ನನ್ನ ಪ್ರಶ್ನೆ ಇಷ್ಟು. ಒಂದೇ ಮೈದಾನದಲ್ಲಿ ಫುಟ್‌ಬಾಲ್ ಮತ್ತು ಅಥ್ಲೆಟಿಕ್ಸ್ ಎರಡನ್ನೂ ನಡೆಸುವ, ಊರಿನ ಆಡಳಿತದ ಕೈಯಲ್ಲೇ ಇರುವ ಕ್ರೀಡಾಂಗಣಗಳು ಬೇರೆ ಕಡೆ ಹೇಗೆ ಬಾಳಿವೆ? ಅಥವಾ ಇದು ಆಗುವ ಮಾತಲ್ಲ, ನಮಗೆ ಬೇರೆ ಜಾಗ ಕೊಡಿ ಎಂದು ಅರ್ಜಿ ಬರೆಯಬೇಕೇ?

ಸುಂಟಿಕೊಪ್ಪದ ಗೋಲಿ

ಟೀಚರ್, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಇನ್ನೊಂದು ಬದಿಯನ್ನೂ ಕೇಳಿ. ನಮ್ಮ ಜಿಲ್ಲೆ ಎಂದರೆ ಹಾಕಿ, ಹಾಕಿ ಎಂದರೆ ನಮ್ಮ ಜಿಲ್ಲೆ ಎಂದು ಹೊರಗಿನವರು ಬರೆಯುತ್ತಾರೆ. ಸುಂಟಿಕೊಪ್ಪಕ್ಕೆ ಬಂದು ನೋಡಲಿ. ಟೂರ್ನಿ ದಿನಗಳಲ್ಲಿ ಅಂಗಡಿ, ಆಟೋ, ತೋಟದ ಕೆಲಸ ಎಲ್ಲವೂ ಪಂದ್ಯದ ಹೊತ್ತಿಗೆ ಹೊಂದಿಕೊಳ್ಳುತ್ತವೆ. ಜಾತಿ ಮತ ನೋಡದೆ ಒಂದೇ ಗ್ಯಾಲರಿಯಲ್ಲಿ ಜನ ಒತ್ತಿಕೊಂಡು ಕೂರುವುದು ಅಲ್ಲೇ. ಮೈದಾನ ಇಂದಿಗೂ ಮೈದಾನವಾಗಿ ಉಳಿದಿದ್ದರೆ, ಬಸ್ ನಿಲ್ದಾಣವೋ ಸಂತೆಯೋ ಆಗದೆ ಇದ್ದರೆ, ಅದು ಫುಟ್‌ಬಾಲ್ ನೋಡಲು ಬರುವ ಸಾವಿರಾರು ಜನರ ದೆಸೆಯಿಂದ. ಓಟ ನೋಡಲು ಎಷ್ಟು ಜನ ಬರುತ್ತಾರೆ, ಹೇಳಿ.

ಗೋಣಿಕೊಪ್ಪದ ಅಮ್ಮ

ನೋಡಲು ಬರುವವರನ್ನು ಎಣಿಸುತ್ತೀರಿ, ಓಡಲು ಬರುವ ಮಕ್ಕಳನ್ನು ಎಣಿಸುವುದಿಲ್ಲವೇ? ನನ್ನ ಮಗಳೂ ಓಡುತ್ತಾಳೆ. ಕೊನೆಗೆ ಅವಳಿಗೆ ಸಿಕ್ಕಿದ್ದು ಕಾಫಿ ಲಾರಿ ಓಡಾಡುವ ರಸ್ತೆ.

ಹಾರಂಗಿ ದಂಡೆ

ಅಶ್ವಿನಿ ನಾಚಪ್ಪ ನಮ್ಮ ಮಣ್ಣಿನಿಂದ ಎದ್ದು ಬಂದವರು. 1991ರಲ್ಲಿ ಪಿ.ಟಿ. ಉಷಾ ಅವರನ್ನೇ ಹಿಂದಿಕ್ಕಿದರು. ಆಗ ಯಾವ ಸಿಂಥೆಟಿಕ್ ಪಥ ಇತ್ತು ಕೊಡಗಿನಲ್ಲಿ? ಛಲವಿದ್ದರೆ ಗುಂಡಿಯೂ ಲೆಕ್ಕಕ್ಕಿಲ್ಲ.

ಕಕ್ಕಡ ಮಳೆ

ಹಾರಂಗಿಯವರೇ, ತಿದ್ದುಪಡಿ. ಅವರ ಬೇರು ಕೊಡಗಿನದು, ಗೋಣಿಕೊಪ್ಪದಲ್ಲಿ ಶಾಲೆ ಕಟ್ಟಿದ್ದಾರೆ, ಎಲ್ಲವೂ ನಿಜ. ಆದರೆ ಓಟ ಕಲಿತದ್ದು ಬೆಂಗಳೂರಿನ ಕಂಠೀರವದಲ್ಲಿ. ಅಂದರೆ ನಿಮ್ಮ ಉದಾಹರಣೆ ಟೀಚರ್ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಮಕ್ಕಳು ದಿನವೂ ಓಡಬಹುದಾದ ಪಥವೊಂದು ನಗರದಲ್ಲಿತ್ತು, ಅಲ್ಲಿ ಓಟಗಾರ್ತಿ ತಯಾರಾದರು. ಗುಂಡಿಯಲ್ಲಿ ಛಲ ಹುಟ್ಟುವುದಿಲ್ಲ, ಕಾಲು ಮುರಿಯುತ್ತದೆ.

ಚೆಟ್ಟಳ್ಳಿಯಿಂದ ಓಸ್ಲೋ

ಟೀಚರ್ ಕೇಳಿದ್ದು ಬೇರೆ ಊರುಗಳ ಕಥೆ. ಅದರಲ್ಲಿ ಒಂದನ್ನು ನಾನು ಹೇಳಬಲ್ಲೆ. ಓದಲೆಂದು ನಾರ್ವೆಗೆ ಬಂದವನು ನಾಲ್ಕು ವರ್ಷ ಬಿಸ್ಲೆಟ್ ಕ್ರೀಡಾಂಗಣದಿಂದ ಹತ್ತು ನಿಮಿಷದ ದೂರದಲ್ಲಿ ಬಾಡಿಗೆಗೆ ಇದ್ದೆ.

ಬಿಸ್ಲೆಟ್ ಓಸ್ಲೋ ನಗರಾಡಳಿತದ ಸ್ವತ್ತು. ಅಲ್ಲಿ ಮೊದಲು ಇಟ್ಟಿಗೆ ಕಾರ್ಖಾನೆ ಇತ್ತು. 1898ರಲ್ಲಿ ನಗರಾಡಳಿತ ಆ ಜಾಗ ಕೊಂಡುಕೊಂಡಿತು. ಆಟದ ಬಯಲಾಗಿ ಶುರುವಾಗಿ 1922ರ ಹೊತ್ತಿಗೆ ಕ್ರೀಡಾಂಗಣವಾಯಿತು. ನಡುವೆ ಫುಟ್‌ಬಾಲ್, ಸುತ್ತಲೂ ಓಟದ ಪಥ, ಥೇಟ್ ನಿಮ್ಮ ಮೈದಾನದ ಹಾಗೆ. ಲ್ಯೂನ್, ವೊಲೆರೆಂಗಾ ಮುಂತಾದ ಕ್ಲಬ್‌ಗಳು ಅಲ್ಲಿ ಫುಟ್‌ಬಾಲ್ ಆಡಿವೆ. ಚಳಿಗಾಲ ಬಂದರೆ ಅದೇ ನೆಲಕ್ಕೆ ನೀರು ಹಾಯಿಸಿ ಮಂಜುಗಡ್ಡೆ ಕಟ್ಟಿಸಿ ಸ್ಕೇಟಿಂಗ್ ನಡೆಸುತ್ತಿದ್ದರು. 1952ರ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯೂ ಸ್ಪೀಡ್ ಸ್ಕೇಟಿಂಗ್ ಸ್ಪರ್ಧೆಗಳೂ ನಡೆದದ್ದು ಅಲ್ಲೇ. ನಾರ್ವೆಯವರೇ ಆದ ಯಾಲ್ಮಾರ್ ಆಂಡರ್ಸನ್ ಮೂರು ಚಿನ್ನ ಗೆದ್ದರು.

ಓಟದ ಮಾತಿಗೆ ಬಂದರೆ, ಆ ಸಣ್ಣ ಕ್ರೀಡಾಂಗಣದಲ್ಲಿ 50ಕ್ಕೂ ಹೆಚ್ಚು ವಿಶ್ವದಾಖಲೆಗಳಾಗಿವೆ. 1965ರಲ್ಲಿ ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ 10,000 ಮೀಟರನ್ನು ಮೊದಲ ಬಾರಿಗೆ 28 ನಿಮಿಷದೊಳಗೆ ಓಡಿದ್ದು ಅಲ್ಲಿ. 1979ರ ಜುಲೈನಲ್ಲಿ ಸೆಬಾಸ್ಟಿಯನ್ ಕೋ ಒಂದೇ ವಾರದಲ್ಲಿ 800 ಮೀಟರ್ ಮತ್ತು ಮೈಲಿ ಎರಡರ ದಾಖಲೆಯನ್ನೂ ಮುರಿದರು. 2021ರ ಜುಲೈ 1ರಂದು ಕಾರ್ಸ್ಟನ್ ವಾರ್ಹೋಲ್ಮ್ 400 ಮೀಟರ್ ಹರ್ಡಲ್ಸ್ ಅನ್ನು 46.70 ಸೆಕೆಂಡಿನಲ್ಲಿ ಓಡಿ, 1992ರಿಂದ ಯಾರೂ ಮುಟ್ಟದಿದ್ದ ದಾಖಲೆಯನ್ನು ಇಳಿಸಿದರು.

ನನಗೆ ಇವುಗಳಿಗಿಂತ ಹೆಚ್ಚು ಹಿಡಿಸಿದ್ದು ಬೇರೆ. ಹಳೆಯ ಕ್ರೀಡಾಂಗಣ ಕೆಡವಿ 2005ರಲ್ಲಿ ಹೊಸದು ಕಟ್ಟಿದಾಗ, ಗ್ಯಾಲರಿಯ ಕೆಳಗಿನ ಜಾಗವನ್ನು ಉಗ್ರಾಣಕ್ಕೆ ಬಿಡದೆ ಸುತ್ತಲೂ 546 ಮೀಟರ್ ಉದ್ದದ ಒಳಾಂಗಣ ಪಥ ಮಾಡಿದರು. ಹೊರಗೆ ಹಿಮ ಮೊಣಕಾಲಿನವರೆಗೆ ಬಿದ್ದಿದ್ದರೂ ಒಳಗೆ ಜನ ಓಡುತ್ತಿರುತ್ತಾರೆ. ಜನವರಿಯ ಒಂದು ಸಂಜೆ ನಾನೂ ಓಡಿದೆ. ನನ್ನ ಪಕ್ಕದಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು, ಮುಂದೆ ಶಾಲೆಯ ಮಕ್ಕಳ ಸಾಲು. ಟೀಚರ್, ಒಂದೇ ನೆಲದಲ್ಲಿ ಎರಡು ಆಟ ಬಾಳುತ್ತವೆ. ನಡೆಸುವವರಿಗೆ ಎರಡೂ ತಮ್ಮವೇ ಎನ್ನಿಸಬೇಕು.

ಕಕ್ಕಡ ಮಳೆ

ಚೆಂದದ ಬರಹ. ಒಂದು ಸಣ್ಣ ತಪ್ಪು ಇದೆ. ಕೋ ಮುರಿದದ್ದು ಒಂದೇ ವಾರದಲ್ಲಿ ಅಲ್ಲ. 800 ಮೀಟರ್ ಜುಲೈ 5ಕ್ಕೆ, ಮೈಲಿ ಜುಲೈ 17ಕ್ಕೆ. ನಡುವೆ 12 ದಿನ.

ಚೆಟ್ಟಳ್ಳಿಯಿಂದ ಓಸ್ಲೋ

ಹೌದು, 12 ದಿನ. ಸರಿಪಡಿಸಿದ್ದಕ್ಕೆ ವಂದನೆ.

ನಾಪೋಕ್ಲು ನೆನಪು

ನಾರ್ವೆಯವರೆಗೆ ಯಾಕೆ ಹೋಗಬೇಕು? ಮಡಿಕೇರಿಯ ಜನರಲ್ ತಿಮ್ಮಯ್ಯ ಕ್ರೀಡಾಂಗಣವನ್ನೇ ನೋಡಿ. 2025ರಲ್ಲಿ ಮುದ್ದಂಡ ಕಪ್ ಕೊಡವ ಕುಟುಂಬ ಹಾಕಿ ಉತ್ಸವ ಅಲ್ಲೇ ನಡೆಯಿತು. 360 ಕುಟುಂಬಗಳ ತಂಡ! ಒಂದು ತಿಂಗಳು ಜಿಲ್ಲೆಯೇ ಅಲ್ಲಿತ್ತು.

ಕರಡದ ಕೋಲು

360 ತಂಡ ಬಂದದ್ದು 2024ರಲ್ಲಿ, ನಿಮ್ಮ ನಾಪೋಕ್ಲುವಿನಲ್ಲೇ, ಕುಂಡ್ಯೋಳಂಡ ಕಪ್‌ಗೆ. ಮುದ್ದಂಡ ಕಪ್‌ಗೆ 396. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದಾಗ ಇದು ಇಷ್ಟು ಬೆಳೆಯುತ್ತದೆ ಎಂದು ಯಾರು ಎಣಿಸಿದ್ದರು!

ನಾಪೋಕ್ಲು ನೆನಪು

ಸರಿ ಸರಿ, 396. ನನ್ನ ಊರಿನ ಲೆಕ್ಕವನ್ನು ಮಡಿಕೇರಿಗೆ ಕೊಟ್ಟುಬಿಟ್ಟೆ.

ಅಳತೆಪಟ್ಟಿ

ಹಾಕಿ ಉತ್ಸವದ ಮಾತು ಇಲ್ಲಿಗೆ ಹೊಂದುವುದಿಲ್ಲ. ಅದು ವರ್ಷಕ್ಕೊಂದು ಊರಿನಲ್ಲಿ ಒಂದು ತಿಂಗಳ ಹಬ್ಬ. ಟೀಚರ್ ಕೇಳಿದ್ದು ವರ್ಷವಿಡೀ ಹಂಚಿಕೊಳ್ಳುವ ಮೈದಾನದ ಬಗ್ಗೆ. ಸರ್ವೆ ಕೆಲಸದಲ್ಲಿ 30 ವರ್ಷ ಸವೆಸಿದವನು ನಾನು. ಅಳತೆ ಇಟ್ಟು ಮಾತಾಡೋಣ.

ಪ್ರಮಾಣಿತ 400 ಮೀಟರ್ ಪಥದಲ್ಲಿ ಎರಡು ನೇರ ಭಾಗ, ತಲಾ 84.39 ಮೀಟರ್. ಎರಡು ಅರ್ಧವೃತ್ತದ ತಿರುವು, ಒಳ ಅಂಚಿನ ತ್ರಿಜ್ಯ 36.50 ಮೀಟರ್. ಓಟಗಾರ ಅಂಚಿನ ಮೇಲೆಯೇ ಕಾಲಿಟ್ಟು ಓಡುವುದಿಲ್ಲವಲ್ಲ, ಆದ್ದರಿಂದ ಅಂಚಿನಿಂದ 30 ಸೆಂಟಿಮೀಟರ್ ಹೊರಗೆ ಅಳೆಯುತ್ತಾರೆ. ಲೆಕ್ಕ ಹಾಕಿದರೆ ಸರಿಯಾಗಿ 400 ಬರುತ್ತದೆ. ಒಂದೊಂದು ಲೇನ್‌ನ ಅಗಲ 1.22 ಮೀಟರ್. ಎಂಟು ಲೇನ್ ಬೇಕೆಂದರೆ ಒಟ್ಟು ನೆಲ ಸುಮಾರು 177 ಮೀಟರ್ ಉದ್ದ, 93 ಮೀಟರ್ ಅಗಲ, ಅದೂ ಸಮತಟ್ಟಾಗಿ. ಗುಡ್ಡ ಕಡಿಯದೆ ಅಷ್ಟು ಸಮತಟ್ಟು ಜಾಗ ಕೊಡಗಿನಲ್ಲಿ ಎಲ್ಲಿದೆ? ಗದ್ದೆಯಲ್ಲಿ ಮಾತ್ರ. ಗದ್ದೆ ಎಂದರೆ ಕೆಳಗೆ ಒಸರು. ಅದಕ್ಕೇ ನಮ್ಮ ಬಹುಪಾಲು ಶಾಲೆಗಳಲ್ಲಿ ಮಕ್ಕಳು 200 ಮೀಟರ್ ಸುತ್ತು ಓಡುವುದು. ಹೀಗಿರುವಾಗ ಬೇರೆ ಜಾಗ ಕೊಡಿ ಎಂಬ ಅರ್ಜಿಗೆ ಉತ್ತರ ಬರುವ ಹೊತ್ತಿಗೆ ಈಗ ಓಡುತ್ತಿರುವ ಮಕ್ಕಳಿಗೆ ಮದುವೆಯಾಗಿರುತ್ತದೆ.

ಇನ್ನು ಫುಟ್‌ಬಾಲ್. 105ಕ್ಕೆ 68 ಮೀಟರ್ ಅಂಕಣ ಆ ಪಥದೊಳಗೆ ಕೂರುತ್ತದೆ. ಪಕ್ಕದ ಗೆರೆಯಿಂದ ಪಥಕ್ಕೆ ಎರಡೂವರೆ ಮೀಟರ್, ನಾಲ್ಕು ಮೂಲೆಗಳಲ್ಲೂ ಬಿಗಿ. ಆದರೆ ಗೋಲಿನ ಹಿಂದೆ ನೇರಕ್ಕೆ 26 ಮೀಟರ್ ಖಾಲಿ ನೆಲ ಉಳಿಯುತ್ತದೆ. ಹೈಜಂಪ್, ಶಾಟ್‌ಪುಟ್ ವೃತ್ತ ಬರುವುದು ಅಲ್ಲಿ. ಫುಟ್‌ಬಾಲ್ ಪ್ರೇಮಿಗಳು ಗ್ಯಾಲರಿಯನ್ನು ಪಥದೊಳಗೆ ಎಳೆದು ತರುವುದೂ ಇದೇ ದೂರದಿಂದಾಗಿ.

ಟೀಚರ್, ನಿಮ್ಮ ಮೊದಲ ಬರಹದಲ್ಲಿ ಒಂದು ಸಾಲು ನನ್ನನ್ನು ಕಾಡುತ್ತಿದೆ. ಗುಂಡಿ ತಪ್ಪಿಸಿ ಒಳಬದಿಯಲ್ಲಿ ಗೆರೆ ಎಳೆಯುತ್ತೇನೆ ಎಂದಿದ್ದೀರಿ. ಎಷ್ಟು ಒಳಗೆ?

ಸುಂಟಿಕೊಪ್ಪದ ಗೋಲಿ

ಅಳತೆಯವರು ಸರಿಯಾಗಿ ಹೇಳಿದರು. ದೂರವೇ ಫುಟ್‌ಬಾಲಿಗೆ ಶತ್ರು. ಇಟಲಿಯ ಟುರಿನ್‌ನಲ್ಲಿ 1990ರ ವಿಶ್ವಕಪ್‌ಗೆ ಕಟ್ಟಿದ ಡೆಲ್ಲೆ ಆಲ್ಪಿ ಕ್ರೀಡಾಂಗಣಕ್ಕೆ ಓಟದ ಪಥ ಇತ್ತು. ಅಷ್ಟು ದೂರದಿಂದ ಆಟಗಾರರು ಇರುವೆಗಳ ಹಾಗೆ ಕಾಣುತ್ತಾರೆ ಎಂದು ಜನ ಬರುವುದನ್ನೇ ಕಡಿಮೆ ಮಾಡಿದರು. ಕೊನೆಗೆ ಅದನ್ನು ಕೆಡವಿ, ಅದೇ ಜಾಗದಲ್ಲಿ ಯುವೆಂಟಸ್ ಕ್ಲಬ್ ಪಥವಿಲ್ಲದ ಕ್ರೀಡಾಂಗಣ ಕಟ್ಟಿ 2011ರಲ್ಲಿ ತೆರೆಯಿತು. ಎರಡೂ ಆಟಕ್ಕೆ ಎಂದು ಕಟ್ಟಿದ್ದು ಒಂದಕ್ಕೂ ಸರಿಹೋಗುವುದಿಲ್ಲ ಎಂಬ ಮಾತು ಸುಳ್ಳಲ್ಲ.

ಕಾಫಿ ಹೂವು

ಅದು ಕೋಟಿಗಟ್ಟಲೆ ಹಣವಿರುವ ಕ್ಲಬ್. ಕೆಡವುತ್ತಾರೆ, ಕಟ್ಟುತ್ತಾರೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಏನಾಯಿತು ಕೇಳಿ. ನನ್ನ ತಮ್ಮ ಅಲ್ಲಿ ನರ್ಸ್. 1991ರ ವಿಶ್ವ ವಿದ್ಯಾರ್ಥಿ ಕ್ರೀಡಾಕೂಟಕ್ಕಾಗಿ ನಗರಾಡಳಿತ ಡಾನ್ ವ್ಯಾಲಿ ಕ್ರೀಡಾಂಗಣ ಕಟ್ಟಿತು, 25,000 ಆಸನ. ಪಕ್ಕದ ಊರಿನ ರಾದರಮ್ ಯುನೈಟೆಡ್ ಕ್ಲಬ್ 2008ರಿಂದ ನಾಲ್ಕು ವರ್ಷ ಅಲ್ಲೇ ಫುಟ್‌ಬಾಲ್ ಆಡಿತು. ಜೆಸಿಕಾ ಎನಿಸ್ ಅಭ್ಯಾಸ ಮಾಡಿದ್ದು ಅದೇ ಪಥದಲ್ಲಿ. 2012ರಲ್ಲಿ ಅವರು ಲಂಡನ್ ಒಲಿಂಪಿಕ್ಸ್‌ನ ಹೆಪ್ಟಾಥ್ಲಾನ್ ಚಿನ್ನ ಗೆದ್ದರು. ಮರುವರ್ಷ, 2013ರಲ್ಲಿ, ವರ್ಷಕ್ಕೆ 7 ಲಕ್ಷ ಪೌಂಡ್ ಉಳಿಸಲೆಂದು ನಗರಾಡಳಿತ ಕ್ರೀಡಾಂಗಣ ಮುಚ್ಚಿ ಕೆಡವಲು ಹೊರಟಿತು. ಚಿನ್ನ ಗೆದ್ದು ಕೊಟ್ಟ ಹುಡುಗಿಯ ಪಥವನ್ನೇ!

ಊರಿನ ಸ್ವತ್ತು ಎಂದ ಮಾತ್ರಕ್ಕೆ ಸುರಕ್ಷಿತ ಎಂದು ನಂಬಬೇಡಿ. ಖರ್ಚಿನ ಪುಸ್ತಕದಲ್ಲಿ ಮೈದಾನ ನಷ್ಟ ಎಂದು ಕಾಣಿಸಿದ ದಿನ ಯಾರೂ ಪದಕ ಎಣಿಸುವುದಿಲ್ಲ.

ಹಾರಂಗಿ ದಂಡೆ

ಕಂಠೀರವದಲ್ಲೂ ಇದೇ ಗಲಾಟೆ ಆಗಿತ್ತಲ್ಲ? ಬೆಂಗಳೂರು ಎಫ್‌ಸಿ ಆಡಲು ಬಂದ ಮೇಲೆ ಓಟಗಾರರು ಮತ್ತು ತರಬೇತುದಾರರು ತಮಗೆ ಪಥ ಸಿಗುತ್ತಿಲ್ಲ ಎಂದು ಹೈಕೋರ್ಟ್ ತನಕ ಹೋದರು.

ಕಕ್ಕಡ ಮಳೆ

ಆಗಿತ್ತು. ಅಲ್ಲಿ ಇಬ್ಬರ ಮಾತಿನಲ್ಲೂ ಹುರುಳಿತ್ತು. ಕ್ಲಬ್‌ನವರು ಹುಲ್ಲನ್ನು ಚೆನ್ನಾಗಿ ನೋಡಿಕೊಂಡರು, ಜನರನ್ನು ಕರೆತಂದರು. ಆದರೆ ಜಾವೆಲಿನ್ ಬಿದ್ದರೆ ಹುಲ್ಲಿಗೆ ಗಾಯ, ಹ್ಯಾಮರ್ ಬಿದ್ದರೆ ಗುಂಡಿ. ಹಾಗಾಗಿ ಎಸೆಯುವವರಿಗೆ ಮೊದಲು ಬಾಗಿಲು ಮುಚ್ಚುತ್ತದೆ. ನನ್ನ ಕೇಳಿದರೆ ಎಸೆತದವರಿಗೆ ಪಕ್ಕದಲ್ಲಿ ಬೇರೆ ಬಯಲು ಬೇಕೇ ಬೇಕು. ಓಟ ಮತ್ತು ಫುಟ್‌ಬಾಲ್ ಜೊತೆಯಾಗಿ ಬಾಳಬಹುದು. ಹ್ಯಾಮರ್ ಮತ್ತು ಫುಟ್‌ಬಾಲ್ ಬಾಳಲಾರವು.

ಶನಿವಾರಸಂತೆ ಸೋಮಣ್ಣನ ಮನೆ

ಬೆಳಿಗ್ಗೆ ವಾಯುವಿಹಾರಕ್ಕೆ ಬರುವವರ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮ ಊರಿನಲ್ಲಿ ಮೊದಲ ಲೇನ್‌ನಲ್ಲೇ ನಾಲ್ವರು ಕೈ ಬೀಸಿಕೊಂಡು ಸಾಲಾಗಿ ನಡೆಯುತ್ತಾರೆ. ಮಕ್ಕಳು ಹಿಂದಿನಿಂದ ಕೂಗಿದರೂ ಸರಿಯುವುದಿಲ್ಲ.

ಗೋಣಿಕೊಪ್ಪದ ಅಮ್ಮ

ನಡೆಯುವವರು ಹೊರಗಿನ ಎರಡು ಲೇನ್ ಬಳಸಲಿ. ಒಂದು ಫಲಕ ಸಾಕು. ನಾನೂ ನಡೆಯುವವಳೇ, ನನಗೇನೂ ಕಡಿಮೆಯಾಗುವುದಿಲ್ಲ. ಸುತ್ತು ಇನ್ನೂ ಉದ್ದ ಸಿಗುತ್ತದೆ.

ನಾಪೋಕ್ಲು ನೆನಪು

ಓಸ್ಲೋದವರು ಚಳಿಗಾಲವನ್ನೇ ಆಟ ಮಾಡಿಕೊಂಡರು ಎಂದು ಓದಿ ನೆನಪಾಯಿತು. ನಾವು ಮಳೆಗಾಲವನ್ನು ಹಾಗೆ ಮಾಡಿಕೊಂಡಿಲ್ಲವೇ? ಕಗ್ಗೋಡ್ಲುವಿನ ಕೆಸರುಗದ್ದೆ ಆಟೋಟಕ್ಕೆ ಒಮ್ಮೆ ಹೋಗಿ ನೋಡಿ. ನಾಟಿಗೆ ಹದ ಮಾಡಿದ ಗದ್ದೆ, ಮೊಣಕಾಲುದ್ದ ಕೆಸರು. ಫುಟ್‌ಬಾಲ್, ಹಗ್ಗ ಜಗ್ಗಾಟ, ಓಟ ಎಲ್ಲವೂ ಅದರಲ್ಲೇ. ಚೆಂಡು ಒದ್ದರೆ ಚೆಂಡಿಗಿಂತ ದೂರ ಕೆಸರು ಹಾರುತ್ತದೆ. ಎದ್ದವರ ಮುಖ ಗುರುತು ಸಿಗುವುದಿಲ್ಲ, ಹಲ್ಲು ಮಾತ್ರ ಬೆಳ್ಳಗೆ.

ಕರಡದ ಕೋಲು

ಕೆಸರುಗದ್ದೆ ಓಟದಲ್ಲಿ ನಮ್ಮ ಅಕ್ಕ ಎರಡು ಸಲ ಮೊದಲು ಬಂದಿದ್ದಾರೆ. ಸೀರೆ ಎತ್ತಿ ಕಟ್ಟಿ ಓಡುವ ಅವರ ಫೋಟೊ ಇನ್ನೂ ಮನೆಯ ಗೋಡೆಯಲ್ಲಿದೆ. ಓಡಿದ ಮೇಲೆ ಕುಡಿದ ಬಿಸಿ ಕಾಫಿಯ ರುಚಿಯನ್ನು ಬಹುಮಾನಕ್ಕಿಂತ ಹೆಚ್ಚು ನೆನೆಯುತ್ತಾರೆ.

ಕಾಫಿ ಹೂವು

ಕಾಫಿ ಎಂದಿರಿ, ಈ ವರ್ಷ ಹೂಮಳೆ ನಿಮ್ಮ ಕಡೆ ಸರಿಯಾಗಿ ಬಂತೇ?

ನಿರ್ವಾಹಕ

ಹೂಮಳೆಗೆ ಬೇರೆ ಚರ್ಚೆ ಇದೆ, ಅಲ್ಲಿಗೆ ಬನ್ನಿ. ಇಲ್ಲಿ ಮೈದಾನ. ಯಾವ ಸಂಘದ, ಕಚೇರಿಯ ಹೆಸರನ್ನೂ ಎಳೆದು ತರಬೇಡಿ ಎಂದು ಮತ್ತೊಮ್ಮೆ ವಿನಂತಿ.

ಮೈದಾನದ ಟೀಚರ್

ಇಷ್ಟೆಲ್ಲ ಓದಿ ಮನಸ್ಸು ತುಂಬಿತು. ಅಳತೆಪಟ್ಟಿ ಸರ್, ನಿಮ್ಮ ಪ್ರಶ್ನೆಗೆ ಉತ್ತರ. ಎಷ್ಟು ಒಳಗೆ ಎಂದು ನಾನು ಎಂದೂ ಅಳೆದಿಲ್ಲ. ಗುಂಡಿಗಳು ಸುತ್ತಲೂ ಇವೆ, ಹಾಗಾಗಿ ಗೆರೆಯೂ ಸುತ್ತಲೂ ಒಳಗೆ ಬಂದಿದೆ. ನಾನು ಈ ಶಾಲೆಗೆ ಬರುವ ಮೊದಲು ಇದ್ದ ಮೇಷ್ಟ್ರೂ ಗುಂಡಿ ತಪ್ಪಿಸಿಯೇ ಗೆರೆ ಎಳೆಯುತ್ತಿದ್ದರಂತೆ. ಎರಡು ಹೆಜ್ಜೆ ಇರಬಹುದೇ? ಮೂರೇ? ಅದರಿಂದ ಏನಾದರೂ ವ್ಯತ್ಯಾಸ ಆಗುತ್ತದೆಯೇ?

ಅಳತೆಪಟ್ಟಿ

ಆಗುತ್ತದೆ, ತುಂಬ ಆಗುತ್ತದೆ. ಅದಕ್ಕೇ ಕೇಳಿದೆ.

ಗೆರೆ ಸುತ್ತಲೂ ಒಂದು ಮೀಟರ್ ಒಳಗೆ ಬಂದರೆ ತಿರುವಿನ ತ್ರಿಜ್ಯ ಒಂದು ಮೀಟರ್ ಕಡಿಮೆಯಾಗುತ್ತದೆ. ಎರಡು ತಿರುವು ಸೇರಿದರೆ ಒಂದು ಪೂರ್ಣ ವೃತ್ತ. ವೃತ್ತದ ಸುತ್ತಳತೆ ಪ್ರತಿ ಮೀಟರ್ ತ್ರಿಜ್ಯಕ್ಕೆ 6.28 ಮೀಟರ್ ಇಳಿಯುತ್ತದೆ. ಪಥ ದೊಡ್ಡದಿರಲಿ ಚಿಕ್ಕದಿರಲಿ, ಈ ಲೆಕ್ಕ ಬದಲಾಗುವುದಿಲ್ಲ. ನಿಮ್ಮ ಗೆರೆ ಎರಡು ಮೀಟರ್ ಒಳಗಿದ್ದರೆ ಒಂದು ಸುತ್ತಿಗೆ ಸುಮಾರು ಹನ್ನೆರಡೂವರೆ ಮೀಟರ್ ಕಡಿಮೆ. 800 ಮೀಟರ್ ಎಂದರೆ ಎರಡು ಸುತ್ತು, 25 ಮೀಟರ್ ಕಡಿಮೆ.

ನಿಮ್ಮ ಹುಡುಗಿ 2:38ರಲ್ಲಿ 800 ಮೀಟರ್ ಓಡಿದರೆ ಸೆಕೆಂಡಿಗೆ ಐದು ಮೀಟರ್ ಚಿಲ್ಲರೆ ವೇಗ. 25 ಮೀಟರ್‌ಗೆ ಐದು ಸೆಕೆಂಡ್. 2:38ರಲ್ಲಿ ಐದು ಕಳೆಯಿರಿ.

ಗೋಣಿಕೊಪ್ಪದ ಅಮ್ಮ

2:33. ಅಯ್ಯೋ ದೇವರೇ.

ಚೆಟ್ಟಳ್ಳಿಯಿಂದ ಓಸ್ಲೋ

ಮೈ ಜುಮ್ಮೆಂದಿತು. ಅಂದರೆ ಆ ಮಗು ಎರಡೂ ಕಡೆ ಒಂದೇ ವೇಗದಲ್ಲಿ ಓಡುತ್ತಿದೆ.

ಸುಂಟಿಕೊಪ್ಪದ ಗೋಲಿ

ಒಂದು ನಿಮಿಷ. ಅಳೆಯದೆ ತೀರ್ಮಾನಕ್ಕೆ ಬರಬೇಡಿ. ಎರಡು ಮೀಟರ್ ಎನ್ನುವುದು ಊಹೆ ಅಷ್ಟೇ. ಹೆದರಿಕೆಯೂ ಇರಬಹುದಲ್ಲ.

ಅಳತೆಪಟ್ಟಿ

ಒಪ್ಪಿದೆ. ಅಳೆಯಬೇಕು. ಟೀಚರ್, ಹಳೆಯ ಪಥಕ್ಕೆ ಒಳಗಡೆ ಅಂಚುಕಲ್ಲು ಹಾಕಿರುತ್ತಾರೆ. ಮಣ್ಣಿನಲ್ಲಿ ಹುದುಗಿರಬಹುದು. ತಿರುವಿನಲ್ಲಿ ಹಾರೆಯಿಂದ ಒಂದು ಗೇಣು ಕೆದಕಿ ನೋಡಿ. 50 ಮೀಟರ್ ಟೇಪ್ ಬೇಕು. ಬಟ್ಟೆಯ ಟೇಪ್ ಬೇಡ, ಎಳೆದರೆ ಹಿಗ್ಗುತ್ತದೆ. ತಿರುವಿನಲ್ಲಿ ಎರಡೆರಡು ಮೀಟರ್‌ಗೆ ಗೂಟ ನೆಟ್ಟು ಅದರ ಹೊರಮೈಗೆ ತಾಗಿಸಿ ಟೇಪ್ ಹಿಡಿಯಿರಿ.

ಕುಟ್ಟದ ಕಾಡು

ಅಳೆಯುವ ತನಕ ಒಂದು ಮಾತು. ನಮ್ಮ ಊರಿನ ಮಂದ್‌ನಲ್ಲಿ, ಅಂದರೆ ಊರವರೆಲ್ಲ ಸೇರುವ ಬಯಲಿನಲ್ಲಿ, ವರ್ಷಕ್ಕೆ ಕೆಲವೇ ದಿನ ಪುತ್ತರಿ ಸುಗ್ಗಿ ಹಬ್ಬದ ಕೋಲಾಟ. ಉಳಿದ ದಿನ ಅಲ್ಲಿ ದನ ಮೇಯುತ್ತದೆ, ಮಕ್ಕಳು ಆಡುತ್ತಾರೆ. ಆದರೆ ಮಂದ್‌ನಲ್ಲಿ ಗುಂಡಿ ತೋಡುತ್ತೇನೆ ಎಂದು ಯಾರಾದರೂ ಹೇಳಲಿ ನೋಡೋಣ. ಊರಿನ ಹಿರಿಯರು ಹಾರೆ ಕಸಿದುಕೊಳ್ಳುತ್ತಾರೆ. ಊರಿಗೆಲ್ಲ ಸೇರಿದ ನೆಲವನ್ನು ಹೇಗೆ ನೋಡಿಕೊಳ್ಳಬೇಕು ಎಂಬುದು ನಮಗೆ ಗೊತ್ತಿಲ್ಲದ ವಿದ್ಯೆಯಲ್ಲ. ಪಟ್ಟಣದ ಮೈದಾನಕ್ಕೆ ಬಂದಾಗ ಮಾತ್ರ, ಬಾಡಿಗೆ ಕಟ್ಟಿದವನದೇ ನೆಲ ಎಂದುಕೊಳ್ಳುತ್ತೇವೆ.

ಸುಂಟಿಕೊಪ್ಪದ ಗೋಲಿ

ಬಾಡಿಗೆ, ಠೇವಣಿ, ವಿದ್ಯುತ್, ಪೊಲೀಸ್ ಅನುಮತಿ ಎಲ್ಲಕ್ಕೂ ಓಡಾಡುವವರು ಸಂಘದ ಹುಡುಗರು. ದಿನಗೂಲಿ ಬಿಟ್ಟು ಓಡಾಡುತ್ತಾರೆ. ಅವರನ್ನು ನೆಲ ಕಬಳಿಸುವವರ ಹಾಗೆ ಚಿತ್ರಿಸಬೇಡಿ, ನೋವಾಗುತ್ತದೆ.

ಕುಟ್ಟದ ಕಾಡು

ಆ ಹುಡುಗರ ಶ್ರಮವನ್ನು ಅಲ್ಲಗಳೆಯಲಿಲ್ಲ ಅಣ್ಣ. ಠೇವಣಿ ಕಟ್ಟಿಸಿಕೊಳ್ಳುವ ಕಚೇರಿಯವರು, ಅದನ್ನು ಹಿಂದಿರುಗಿಸುವ ಮೊದಲು ಗುಂಡಿ ಮುಚ್ಚಿದ್ದಾರೋ ಇಲ್ಲವೋ ಎಂದು ನೋಡಬೇಕಿತ್ತು. ಅದಕ್ಕೇ ಅಲ್ಲವೇ ಠೇವಣಿ? ನನ್ನ ಸಿಟ್ಟು ಅವರ ಮೇಲೆ.

ಸುಂಟಿಕೊಪ್ಪದ ಗೋಲಿ

ಆ ಮಾತಿಗೆ ನನ್ನದೂ ಸಹಿ ಇದೆ.

ಮೈದಾನದ ಟೀಚರ್

ಅಳೆದೆವು.

ಭಾನುವಾರ ಬೆಳಿಗ್ಗೆ ಆರಕ್ಕೆ ಹೋದೆವು. ನಾನು, ಎಂಟು ಮಕ್ಕಳು, ಕಟ್ಟಡ ಕೆಲಸದ ಮೇಸ್ತ್ರಿಯಾಗಿರುವ ಒಬ್ಬ ಹುಡುಗನ ತಂದೆ. ಉಕ್ಕಿನ ಟೇಪ್ ಅವರದೇ. ಇಬ್ಬನಿಯಲ್ಲಿ ಹುಲ್ಲು ನೆನೆದಿತ್ತು. ದಕ್ಷಿಣದ ತಿರುವಿನಲ್ಲಿ ಹಾರೆ ಹಾಕಿದರೆ ಮೊದಲು ಬರೀ ಕೆಮ್ಮಣ್ಣು, ಬಾಟಲಿಯ ಚೂರು, ಕೊಳೆತ ಕಂಬದ ಬುಡ. ಮೂರನೆಯ ಕಡೆ ಕೆದಕಿದಾಗ ಠಣ್ ಎಂದಿತು. ಮಕ್ಕಳು ಕೈಯಲ್ಲೇ ಮಣ್ಣು ಬಳಿದರು. ಅಂಚುಕಲ್ಲು! ಒಂದು ಸಿಕ್ಕಿದ ಮೇಲೆ ಉಳಿದವುಗಳ ಜಾಡು ಸಿಕ್ಕಿತು. ಎಲ್ಲ ಕಲ್ಲೂ ಉಳಿದಿಲ್ಲ. ಆದರೆ ಎರಡೂ ತಿರುವುಗಳಲ್ಲಿ ಸಾಲು ಗೊತ್ತಾಗುವಷ್ಟು ಇವೆ.

ಕಲ್ಲಿನ ಸಾಲಿಗೂ ನನ್ನ ಸುಣ್ಣದ ಗೆರೆಗೂ ಅಂತರ ಕೆಲವು ಕಡೆ ಒಂದೂಮುಕ್ಕಾಲು ಮೀಟರ್, ಕೆಲವು ಕಡೆ ಎರಡು ದಾಟುತ್ತದೆ. ಸರ್ ಹೇಳಿದ ಹಾಗೆ ಗೂಟ ನೆಟ್ಟು 30 ಸೆಂಟಿಮೀಟರ್ ಹೊರಗೆ ಸುತ್ತಲೂ ಅಳೆದೆವು. ಕಲ್ಲಿನ ಸಾಲಿನ ಪ್ರಕಾರ 400 ಮೀಟರ್, ಒಂದು ಗೇಣು ಹೆಚ್ಚು ಕಡಿಮೆ. ನನ್ನ ಗೆರೆಯ ಪ್ರಕಾರ 388. ಖಾತ್ರಿಗೆ ಎರಡು ಸಲ ಅಳೆದೆವು.

ಹುಡುಗಿಯೂ ಅಲ್ಲೇ ಇದ್ದಳು, ಗೂಟ ಹಿಡಿದುಕೊಂಡು. ಲೆಕ್ಕವನ್ನು ಮಣ್ಣಿನ ಮೇಲೆ ಕಡ್ಡಿಯಲ್ಲಿ ಬರೆದು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಹಾಗಾದರೆ ನಾನು ಹೆದರಿರಲಿಲ್ಲ ಅಲ್ಲವೇ ಟೀಚರ್?" ಎಂದಳು. ಇಲ್ಲ ಮಗಳೇ ಎಂದೆ. ಎಲ್ಲರ ಎದುರಿಗೇ ಗದರಿಸಿದ್ದವಳು ನಾನು, ಎಲ್ಲರ ಎದುರಿಗೇ ತಪ್ಪಾಯಿತು ಎಂದೂ ಹೇಳಿದೆ.

ಗೋಣಿಕೊಪ್ಪದ ಅಮ್ಮ

ಓದುತ್ತಾ ಕಣ್ಣು ತುಂಬಿತು.

ಅಳತೆಪಟ್ಟಿ

ಅಚ್ಚುಕಟ್ಟಾಗಿ ಅಳೆದಿದ್ದೀರಿ. ಈ ಅಳತೆಯನ್ನು ಕಾಗದದಲ್ಲಿ ಬರೆದು, ಮೇಸ್ತ್ರಿಯವರ ಸಹಿ ಹಾಕಿಸಿ, ಕಲ್ಲುಗಳ ಫೋಟೊ ಸಹಿತ ಅರ್ಜಿಗೆ ಲಗತ್ತಿಸಿ. ಬೇರೆ ಜಾಗ ಕೇಳಬೇಡಿ. ಮೂರೇ ಬೇಡಿಕೆ ಇರಲಿ. ಅಂಚುಕಲ್ಲು ಮತ್ತೆ ಮೇಲೆತ್ತಿ ಕೂರಿಸಬೇಕು. ಗ್ಯಾಲರಿ ಕಂಬ ಹೊರಗಿನ ಲೇನ್‌ನ ಆಚೆ ಬರಬೇಕು. ಗುಂಡಿಗೆ ಜಲ್ಲಿ, ಮಣ್ಣು ಪದರಪದರವಾಗಿ ತುಂಬಿ ದಮ್ಮಸು ಹಾಕಿ ಗಟ್ಟಿ ಮಾಡಿದ ಮೇಲೆಯೇ ಠೇವಣಿ ವಾಪಸು. ಮಡಿಕೇರಿ ಸುತ್ತಮುತ್ತ ವರ್ಷಕ್ಕೆ 3,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಸಡಿಲ ಮಣ್ಣು ನಿಲ್ಲುವ ಮಾತೇ ಇಲ್ಲ.

ಚೆಟ್ಟಳ್ಳಿಯಿಂದ ಓಸ್ಲೋ

ನಾಲ್ಕನೆಯದಾಗಿ ವೇಳಾಪಟ್ಟಿ ಸೇರಿಸಿ. ಬೆಳಿಗ್ಗೆ ಎಂಟರವರೆಗೆ ಟೂರ್ನಿ ದಿನಗಳಲ್ಲೂ ಪಥ ಓಟಗಾರರಿಗೆ. ಪಂದ್ಯ ನಡೆಯುವುದು ಹೇಗೂ ಮಧ್ಯಾಹ್ನದ ಮೇಲೆ. ಅದನ್ನು ಬರೆದು ಗೇಟಿಗೆ ಅಂಟಿಸಿದರೆ ಕಾವಲುಗಾರನ ಜೊತೆ ದಿನವೂ ವಾದಿಸುವುದು ತಪ್ಪುತ್ತದೆ.

ಸುಂಟಿಕೊಪ್ಪದ ಗೋಲಿ

ಕಂಬ ಎಂಟು ಲೇನ್ ಆಚೆ ಹೋದರೆ ಜನರಿಗೆ ಆಟ ಕಾಣುವುದಿಲ್ಲ ಎಂದು ನಾನು ಈಗಲೂ ಹೇಳುತ್ತೇನೆ. ಗೋಲಿನ ಹಿಂದಿನ 26 ಮೀಟರ್ ಜಾಗದಲ್ಲಿ ಕಂಬ ನೆಡಲು ಬಿಡಿ. ಅಲ್ಲಿ ಪಥವೂ ಇಲ್ಲ, ಹೈಜಂಪ್ ಹಾಸಿಗೆಯನ್ನು ಆ ದಿನಗಳಿಗೆ ಮಡಚಿಡಬಹುದು. ಪಕ್ಕಗಳಲ್ಲಿ ನೆಲಕ್ಕೆ ಕಂಬ ನೆಡದೆ ನಿಲ್ಲುವ ಕಬ್ಬಿಣದ ಗ್ಯಾಲರಿ ಬಾಡಿಗೆಗೆ ಸಿಗುತ್ತದೆ. ಖರ್ಚು ಹೆಚ್ಚು, ಆದರೆ ಗುಂಡಿ ಬೇಕಿಲ್ಲ. ನಮ್ಮ ಹುಡುಗರ ಸಭೆಯಲ್ಲಿ ಈ ಮಾತು ಇಡುತ್ತೇನೆ. ಒಪ್ಪುತ್ತಾರೆ ಎಂದು ಮಾತು ಕೊಡಲಾರೆ.

ಅಳತೆಪಟ್ಟಿ

ಗೋಲಿನ ಹಿಂದೆ ನೆಡಬಹುದು, ನನ್ನ ಒಪ್ಪಿಗೆ ಇದೆ. ಆದರೆ ಶಾಟ್‌ಪುಟ್ ವೃತ್ತದ ಕಾಂಕ್ರೀಟ್ ಒಡೆಯಬಾರದು. ಕಬ್ಬಿಣದ ಗ್ಯಾಲರಿಯ ಪಾದದ ಕೆಳಗೆ ಹಲಗೆ ಹಾಕಿಸಿ, ಇಲ್ಲದಿದ್ದರೆ ಪಥ ತಗ್ಗಾಗುತ್ತದೆ.

ಮೈದಾನದ ಟೀಚರ್

ಎಲ್ಲವನ್ನೂ ಬರೆದುಕೊಂಡೆ. ಸೋಮವಾರ ಅರ್ಜಿ ಕೊಡುತ್ತೇನೆ. ಗೋಲಿಯವರೇ, ನಿಮ್ಮ ಸಭೆ ಯಾವಾಗ? ಬಂದು ಮಾತಾಡಲು ಅವಕಾಶ ಕೊಟ್ಟರೆ ನಾನೇ ಬರುತ್ತೇನೆ, ಆ ಹುಡುಗಿಯನ್ನೂ ಕರೆತರುತ್ತೇನೆ.

ಸುಂಟಿಕೊಪ್ಪದ ಗೋಲಿ

ಬುಧವಾರ ಸಂಜೆ ಆರಕ್ಕೆ. ಬನ್ನಿ ಟೀಚರ್. ಅಗೆದು ತೆಗೆದ ಅಂಚುಕಲ್ಲಿನ ಫೋಟೊ ಮರೆಯದೆ ತನ್ನಿ. ಮಾತಿಗಿಂತ ಅದು ಬೇಗ ತಲೆಗೆ ಹೋಗುತ್ತದೆ.